ವೀರರು ಕೂಡಿದಲ್ಲಿ ಮಾತಿನ ಕಾಳಗ

ಸಿನಿಮಾ ಮೂರು ಗಂಟೆಯದು. ಅದರ ಮೇಲಿನ ಚರ್ಚೆ ಮಾತ್ರ ಮೂರು ತಿಂಗಳಾದರೂ ಮುಗಿಯುವುದಿಲ್ಲ. ಅಂಥದ್ದೇನಿದೆ ಅದರಲ್ಲಿ ಎಂದು ಹದಿಹರೆಯದ ಮಕ್ಕಳಿರುವ ಮನೆಗಳಿಂದ ಈ ಅಂಕಣಕ್ಕೆ ಪ್ರಶ್ನೆಗಳು ಬರುತ್ತಲೇ ಇವೆ. ಸೂಪರ್‌ಹೀರೋ ಒಬ್ಬನೇ ಬಂದು ಊರು ಉಳಿಸಿ ಹೋದರೆ ಮಕ್ಕಳು ಎರಡು ದಿನ ಮಾತಾಡಿ ಮರೆಯುತ್ತಾರೆ. ಐದಾರು ಮಂದಿ ಒಂದೇ ಚಿತ್ರದಲ್ಲಿ ಕೂಡಿದರೋ, ಊಟಕ್ಕೆ ಕೂತಾಗಲೂ ಅದೇ, ಬಸ್ಸಿನಲ್ಲೂ ಅದೇ, ಪರೀಕ್ಷೆಯ ಹಿಂದಿನ ರಾತ್ರಿಯೂ ಅದೇ. ಯಾರು ಹೆಚ್ಚು, ಯಾರಿಗೆ ಅನ್ಯಾಯವಾಯಿತು, ಯಾರು ಸಾಯಬಾರದಿತ್ತು. ನೀಲಗಿರಿ ಕಡೆಯ ಓದುಗರ ಪ್ರಶ್ನೆಗೆ ಇನ್ನೊಂದು ಎಳೆಯೂ ಸೇರಿಕೊಂಡಿರುತ್ತದೆ: ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಈ ವಿಷಯ ಬಂದ ಕೂಡಲೇ ತಮಿಳಿಗೆ ಹೊರಳುವುದೇಕೆ?

ಈ ಎರಡನೆಯ ಪ್ರಶ್ನೆಯನ್ನು ಹಿಡಿದುಕೊಂಡು ಹೋದರೆ ಮೊದಲನೆಯದೂ ಬಿಡಿಸಿಕೊಳ್ಳುತ್ತದೆ.

ನೀಲಗಿರಿಯ ಗೂಡಲೂರು ನಾಲ್ಕು ಕಡೆಯ ದಾರಿಗಳು ಸೇರುವ ಊರು. ಊಟಿಯಿಂದ ಇಳಿದು ಬರುವ ರಸ್ತೆ, ಮುದುಮಲೆ ಕಾಡು ದಾಟಿ ಗುಂಡ್ಲುಪೇಟೆ ಮೈಸೂರಿನಿಂದ ಬರುವ ರಸ್ತೆ, ವಯನಾಡಿನ ಸುಲ್ತಾನ್ ಬತ್ತೇರಿಯ ರಸ್ತೆ, ಘಾಟಿ ಏರಿ ಬರುವ ನಿಲಂಬೂರಿನ ರಸ್ತೆ ಎಲ್ಲವೂ ಇಲ್ಲಿ ಒಂದಾಗುತ್ತವೆ. ಜನವೂ ಹಾಗೆಯೇ. ಚೆಟ್ಟಿಗಳು, ಪಣಿಯರು, ಕುರುಂಬರು, ಕಾಟುನಾಯಕರು ಮೊದಲಿನಿಂದ ಇದ್ದವರು. ಮಲಯಾಳ ಮಾತಾಡುವ ಕುಟುಂಬಗಳು ಪಶ್ಚಿಮದಿಂದ ಬಂದವು, ಶ್ರೀಲಂಕಾದಿಂದ ಮರಳಿದ ತಮಿಳರು ಚಹಾ ತೋಟಗಳಲ್ಲಿ ನೆಲೆಯಾದರು, ಮೈಸೂರು ಸೀಮೆಯ ಕನ್ನಡಿಗರು ಮಸಿನಗುಡಿ, ಗೂಡಲೂರು ಎರಡೂ ಕಡೆ ಬೇರೂರಿದರು. ಶಾಲೆಯಲ್ಲಿ ತಮಿಳು, ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ ಎನ್ನುವ ಹುಡುಗ ಇಲ್ಲಿ ಅಪರೂಪದವನಲ್ಲ.

ಇಂಥ ಹುಡುಗರ ಗುಂಪೊಂದು ಸಂಜೆ ಹೊತ್ತು ಬೇಕರಿ ಮುಂದೆ ನಿಂತು 'ಅವೆಂಜರ್ಸ್: ಇನ್ಫಿನಿಟಿ ವಾರ್' ಬಗ್ಗೆ ಮಾತಿಗಿಳಿದರೆ ಅದು ಹೀಗೆ ಶುರುವಾಗುತ್ತದೆ. "ಆಮೇಕೆ ಹಲ್ಕ್ ಯಾಕ್ಲಾ ಈಚ್ಗೇ ಬರ್ನಿಲ್ಲ?" "ಎದರ್ಕಂಡ ಕಣ್ಲಾ." "ಎದರ್ಕಳದಾ? ಹಲ್ಕಾ? ಬುಡ್ಲಾ ಸುಮ್ಕೆ." ಅಲ್ಲಿಯವರೆಗೆ ಗುಂಡ್ಲುಪೇಟೆ ಸೀಮೆಯ ಕನ್ನಡವೇ. ಆದರೆ ವಾದ ಗೆಲ್ಲಲು ಪುರಾವೆ ಬೇಕಲ್ಲ, ಹಲ್ಕ್ ಆಗಿ ಬದಲಾಗುವ ಬ್ಯಾನರ್ ಆ ದೃಶ್ಯದಲ್ಲಿ ನಿಜಕ್ಕೂ ಏನೆಂದ, ಐರನ್ ಮ್ಯಾನ್ ಏನು ಮರುನುಡಿದ ಎಂಬುದನ್ನು ಆಡಿ ತೋರಿಸಬೇಕಲ್ಲ. ಆಗ ನಾಲಿಗೆ ತಮಿಳಿಗೆ ತಿರುಗುತ್ತದೆ. ಏಕೆಂದರೆ ಅವರು ಆ ಮಾತು ಕೇಳಿದ್ದೇ ತಮಿಳಿನಲ್ಲಿ. ಅಂದಹಾಗೆ ಹಲ್ಕ್ ಬಾರದ ಪ್ರಶ್ನೆಗೆ ನಿರ್ದೇಶಕರಲ್ಲೊಬ್ಬರಾದ ಜೋ ರುಸ್ಸೋ ಉತ್ತರಿಸಿದ್ದಾರೆ: ಅದು ಹೆದರಿಕೆಯಲ್ಲ, ಬ್ಯಾನರ್‌ನ ಜಗಳಗಳಿಗೆ ಪ್ರತಿ ಸಲ ತಾನೇ ಮೈಯೊಡ್ಡಬೇಕಾಯಿತೆಂಬ ಬೇಸರ. ಆ ಉತ್ತರ ಬಂದ ಮೇಲೂ ಜಗಳ ನಿಲ್ಲಲಿಲ್ಲ. ಪರದೆಯ ಮೇಲೆ ತೋರಿಸದ್ದನ್ನು ನಿರ್ದೇಶಕ ಹೊರಗೆ ನಿಂತು ಹೇಳಿದರೆ ಲೆಕ್ಕಕ್ಕಿಲ್ಲ ಎನ್ನುವ ಪಕ್ಷವೊಂದು ಹುಟ್ಟಿಕೊಂಡಿತು, ಅಷ್ಟೇ.

ಮೂಲ ಇಲ್ಲಿದೆ. ವೀರರು ಕೂಡುವ ಸಿನಿಮಾದ ಜೀವ ಹೊಡೆದಾಟದಲ್ಲಿ ಇರುವುದಿಲ್ಲ, ಮಾತಿನಲ್ಲಿ ಇರುತ್ತದೆ. ಕಟ್ಟಡ ಉರುಳಿಸುವುದನ್ನು ಯಾವ ಒಬ್ಬಂಟಿ ವೀರನಾದರೂ ಮಾಡಬಲ್ಲ. ಅಹಂಕಾರಿ ಶ್ರೀಮಂತನೊಬ್ಬ, ಎಪ್ಪತ್ತು ವರ್ಷ ಹಿಮದಲ್ಲಿ ಹುದುಗಿದ್ದು ಎದ್ದು ಬಂದ ಸಿಪಾಯಿಯೊಬ್ಬ, ದೇವಲೋಕದ ರಾಜಕುಮಾರನೊಬ್ಬ, ತನ್ನ ಸಿಟ್ಟಿಗೆ ತಾನೇ ಹೆದರುವ ವಿಜ್ಞಾನಿಯೊಬ್ಬ ಒಂದೇ ಕೋಣೆಯಲ್ಲಿ ಕೂತಾಗ ಏನು ಮಾತಾಡುತ್ತಾರೆ ಎಂಬುದು ಮಾತ್ರ ಬೇರೆಲ್ಲೂ ಸಿಗದು. 2012ರ ಮೊದಲ 'ದ ಅವೆಂಜರ್ಸ್' ನೆನಪಿಸಿಕೊಳ್ಳುವವರು ನ್ಯೂಯಾರ್ಕಿನ ಯುದ್ಧದಷ್ಟೇ ಹಡಗಿನೊಳಗಿನ ಆ ಕಿತ್ತಾಟವನ್ನೂ ನೆನೆಯುತ್ತಾರೆ.

ಇದು ಇಂದಿನ ಸಂಗತಿಯೂ ಅಲ್ಲ. ಅಮೆರಿಕದ ಕಾಮಿಕ್ಸ್‌ನಲ್ಲಿ ವೀರರ ಮೊದಲ ಕೂಟವೆಂದು ಹೇಳಲಾಗುವ 'ಜಸ್ಟಿಸ್ ಸೊಸೈಟಿ' 1940ರಲ್ಲಿ 'ಆಲ್ ಸ್ಟಾರ್ ಕಾಮಿಕ್ಸ್'ನ ಮೂರನೆಯ ಸಂಚಿಕೆಯಲ್ಲಿ ಬಂತು. ಅದರಲ್ಲಿ ಅವರು ಸೇರಿ ಯಾರೊಂದಿಗೂ ಹೋರಾಡುವುದಿಲ್ಲ. ಮೇಜಿನ ಸುತ್ತ ಕೂತು, ಒಬ್ಬೊಬ್ಬರಾಗಿ ತಮ್ಮ ಸಾಹಸದ ಕಥೆ ಹೇಳುತ್ತಾರೆ. ಮೊದಲ ಕೂಟವೇ ಮಾತಿನ ಕೂಟ. 1963ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕಿರ್ಬಿ 'ಅವೆಂಜರ್ಸ್' ಕಟ್ಟಿದಾಗ ಮೇಜಿನ ಸುತ್ತಲಿನ ಸೌಜನ್ಯವನ್ನು ತೆಗೆದು ಮುನಿಸು ತುಂಬಿದರು. ಅವರ ಹಲ್ಕ್ ಎರಡನೆಯ ಸಂಚಿಕೆಗೇ ಮುನಿಸಿಕೊಂಡು ತಂಡ ಬಿಟ್ಟು ಹೋಗುತ್ತಾನೆ. ಇಂದು ಎಲ್ಲರೂ ತಂಡದ ನಾಯಕನೆಂದು ತಿಳಿದಿರುವ ಕ್ಯಾಪ್ಟನ್ ಅಮೆರಿಕ ಬರುವುದು ನಾಲ್ಕನೆಯದಕ್ಕೆ. ಓದುಗರು ಅಂದಿನಿಂದಲೇ ಪತ್ರ ಬರೆದು ಜಗಳಕ್ಕಿಳಿದರು, ಪ್ರಕಾಶಕರು ಆ ಪತ್ರಗಳನ್ನು ಅಚ್ಚು ಹಾಕಿದರು. ಅಭಿಮಾನಿಗಳ ವಾದ ಈ ಕಥೆಗಳಿಗೆ ಹೊರಗಿನಿಂದ ಅಂಟಿಕೊಂಡದ್ದಲ್ಲ.

ಮಾತು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 2015ರ 'ಏಜ್ ಆಫ್ ಅಲ್ಟ್ರಾನ್'ನಲ್ಲಿ ಔತಣ ಮುಗಿದ ಮೇಲೆ ಎಲ್ಲರೂ ಸೋಫಾಗಳಲ್ಲಿ ಒರಗಿ ಹರಟುತ್ತಾರೆ. ಯೋಗ್ಯರಲ್ಲದವರು ಎತ್ತಲಾಗದ, ದೇವಲೋಕದ ರಾಜಕುಮಾರ ಥಾರ್‌ನ ಸುತ್ತಿಗೆ ಮೇಜಿನ ಮೇಲಿದೆ. ಪಂದ್ಯ ಕಟ್ಟುತ್ತಾರೆ, ಒಬ್ಬೊಬ್ಬರೇ ಎದ್ದು ಹೋಗಿ ಹಿಡಿ ಹಿಡಿದು ಜಗ್ಗುತ್ತಾರೆ, ಮಿಕ್ಕವರು ಕಾಲೆಳೆಯುತ್ತಾರೆ. ಕ್ಯಾಪ್ಟನ್ ಜಗ್ಗಿದಾಗ ಸುತ್ತಿಗೆ ಕೂದಲೆಳೆಯಷ್ಟು ಅಲುಗುತ್ತದೆ, ಥಾರ್‌ನ ಮುಖದ ನಗು ಒಂದು ಕ್ಷಣ ಮಾಯವಾಗುತ್ತದೆ, ಮಾತು ಮುಂದಕ್ಕೆ ಹೋಗುತ್ತದೆ. ನಾಲ್ಕು ವರ್ಷ ಅಭಿಮಾನಿಗಳು ಆ ಅಲುಗಾಟದ ಮೇಲೆ ವಾದಿಸಿದರು. 2019ರ 'ಎಂಡ್‌ಗೇಮ್'ನಲ್ಲಿ ಅದೇ ಸುತ್ತಿಗೆ ಹಾರಿ ಬಂದು ಕ್ಯಾಪ್ಟನ್‌ನ ಕೈ ಸೇರಿದಾಗ ಚಿತ್ರಮಂದಿರಗಳಲ್ಲಿ ಶಿಳ್ಳೆ ಮುಗಿಲು ಮುಟ್ಟಿತು. ಹರಟೆಯ ದೃಶ್ಯವನ್ನು ಸರಿಯಾಗಿ ಕೇಳಿಸಿಕೊಂಡವನಿಗೆ ಮಾತ್ರ ಆ ಶಿಳ್ಳೆಯ ಪೂರ್ತಿ ಅರ್ಥ ಗೊತ್ತು.

ಕನ್ನಡಿಗರಿಗೆ ಇದೇನು ಹೊಸ ರುಚಿಯೇ? ಯಕ್ಷಗಾನದ 'ಕೃಷ್ಣಾರ್ಜುನ ಕಾಳಗ' ನೋಡಿದವರು ಇದಕ್ಕೆ ನಗುತ್ತಾರೆ. ಗಂಧರ್ವ ಗಯನನ್ನು ಕೊಲ್ಲುತ್ತೇನೆಂದು ಕೃಷ್ಣ ಪ್ರತಿಜ್ಞೆ ಮಾಡಿದ್ದಾನೆ, ವಿಷಯ ಪೂರ್ತಿ ತಿಳಿಯದೆ ಅರ್ಜುನ ಅವನಿಗೆ ಅಭಯ ಕೊಟ್ಟಿದ್ದಾನೆ. ಇಬ್ಬರೂ ಮಾತಿಗೆ ಬದ್ಧರು, ಇಬ್ಬರೂ ಜನ ಕೈಮುಗಿಯುವ ವೀರರು, ಇಬ್ಬರ ನಡುವೆ ನಿಂತವಳು ಒಬ್ಬನ ತಂಗಿ ಇನ್ನೊಬ್ಬನ ಹೆಂಡತಿಯಾದ ಸುಭದ್ರೆ. ಯಾರು ಸೋತರೂ ಸಭಿಕರು ಒಪ್ಪುವುದಿಲ್ಲ. ಹಾಗಾಗಿ ಕಾಳಗ ಶುರುವಾಗುವ ಮೊದಲೇ ಅದರ ಕೊನೆ ಎಲ್ಲರಿಗೂ ಗೊತ್ತು: ನಡುವೆ ದೇವರೇ ಬಂದು ಬಿಡಿಸಬೇಕು. ಆದರೂ ಬೆಳಗಿನವರೆಗೆ ಕೂತಿರುವುದೇಕೆ? ಭಾವ ಮೈದುನರು ಪರಸ್ಪರ ಏನೇನು ಆಡುತ್ತಾರೆ, ಹಳೆಯ ಉಪಕಾರಗಳನ್ನು ಹೇಗೆ ಎತ್ತಿ ಆಡುತ್ತಾರೆ, ಗೆಳೆಯನಾಗಿದ್ದವನು ಎದುರಾಳಿಯಾದಾಗ ಬಾಯಿಂದ ಯಾವ ಮಾತು ಹೊರಡುತ್ತದೆ ಎಂದು ಕೇಳುವುದಕ್ಕೆ. ತಾಳಮದ್ದಲೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ, ಬಿಲ್ಲು ಬಾಣವಿಲ್ಲ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ಕೂತಲ್ಲೇ ಕೂತು ಮಾತಿನಿಂದಲೇ ರಣರಂಗ ಕಟ್ಟುತ್ತಿದ್ದರು. ಮಾರನೆಯ ದಿನ ಜನ ವಾದಿಸುತ್ತಿದ್ದುದೂ ಅದರ ಮೇಲೆಯೇ, ನಿನ್ನೆ ಕೃಷ್ಣನ ಅರ್ಥ ಗೆದ್ದಿತೇ ಅರ್ಜುನನದೇ ಎಂದು. 2016ರ 'ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್' ಬಂದಾಗ ಕ್ಯಾಪ್ಟನ್ ಪಕ್ಷವೋ ಐರನ್ ಮ್ಯಾನ್ ಪಕ್ಷವೋ ಎಂದು ಜಗತ್ತೇ ಎರಡು ಪಾಲಾದದ್ದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಅಲ್ಲಿಯೂ ಆಶ್ರಯ ಕೊಟ್ಟ ಸ್ನೇಹಿತನೊಬ್ಬನನ್ನು ಬಿಟ್ಟುಕೊಡಲಾರೆ ಎಂಬ ಹಟವೇ ಜಗಳದ ಬೇರು.

ಪರದೆಯ ಮೇಲಿನ ಕನ್ನಡ ವೀರರ ಕೂಟಗಳಲ್ಲಿ ಮಾತಿಗಿಂತ ಪಾಲಿನ ಲೆಕ್ಕ ಜೋರು. ಅದಕ್ಕೆ ಕಾರಣವೂ ಇದೆ. ಇಲ್ಲಿ ವೀರ ಪಾತ್ರವಲ್ಲ, ನಟ. 1973ರ 'ಗಂಧದ ಗುಡಿ'ಯಲ್ಲಿ ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಒಟ್ಟಿಗೆ ಬಂದರು. ಆಗ ವಿಷ್ಣುವರ್ಧನ್ 'ನಾಗರಹಾವು' ಮುಗಿಸಿ ಬಂದ ಹೊಸ ಹುಡುಗ. ಆ ಒಂದು ಚಿತ್ರದ ನಂತರ ಇಬ್ಬರೂ ಮತ್ತೆ ಜೊತೆಯಾಗಿ ನಟಿಸಲಿಲ್ಲ. ಅಭಿಮಾನಿಗಳು ಮಾತ್ರ ದಶಕಗಳ ಕಾಲ ಎರಡು ಬಣವಾಗಿಯೇ ಉಳಿದರು. 2018ರಲ್ಲಿ ಪ್ರೇಮ್ ನಿರ್ದೇಶನದ 'ದಿ ವಿಲನ್' ತೆರೆಕಂಡಾಗ ಸುದೀಪ್ ಅವರ ಪಾತ್ರ ಶಿವರಾಜ್‌ಕುಮಾರ್ ಅವರ ಪಾತ್ರದ ಮೇಲೆ ಕೈ ಮಾಡುವ ದೃಶ್ಯವನ್ನು ತೆಗೆಯಬೇಕೆಂದು ಶಿವಣ್ಣನ ಅಭಿಮಾನಿಗಳು ಪ್ರತಿಭಟಿಸಿದರು. ಹೊರಗಿನವರಿಗೆ ಇದು ಅತಿರೇಕವಾಗಿ ಕಂಡಿತು. ಆದರೆ ಅಭಿಮಾನಿಯ ಕಡೆಯಿಂದ ನೋಡಿದರೆ ಅಲ್ಲಿ ಹೊಡೆತ ತಿಂದದ್ದು ಕಥೆಯೊಳಗಿನ ಪಾತ್ರವಲ್ಲ, ತಾನು ಹುಟ್ಟಿದಾಗಿನಿಂದ ಮನೆಯ ಗೋಡೆಯ ಮೇಲೆ ನೋಡುತ್ತ ಬಂದ ಮುಖ. ಸೂಪರ್‌ಹೀರೋ ಚಿತ್ರಗಳು ಈ ಸಂಕಟದಿಂದ ಅಭಿಮಾನಿಯನ್ನು ಸ್ವಲ್ಪ ಬಿಡಿಸುತ್ತವೆ. ಹಲ್ಕ್ ಸೋತರೆ ನಟ ಮಾರ್ಕ್ ರಫಲೋ ಸೋತಂತಾಗುವುದಿಲ್ಲ. ಹಾಗಾಗಿ ಅಲ್ಲಿ ಜಗಳ ಮುಖದಿಂದ ಮಾತಿಗೆ, ಗೌರವದಿಂದ ತರ್ಕಕ್ಕೆ ಹೊರಳುತ್ತದೆ. ಹದಿನಾಲ್ಕರ ಹುಡುಗನೊಬ್ಬ ಪುರಾವೆ ಹುಡುಕಿ, ಎದುರಾಳಿಯ ಮಾತು ಪೂರ್ತಿ ಕೇಳಿ, ಅದನ್ನೇ ತಿರುಗಿಸಿ ಉತ್ತರ ಕೊಡಲು ಕಲಿಯುವುದು ಇಂಥ ಜಗಳಗಳಲ್ಲೇ. ಹೆತ್ತವರು ಇದನ್ನು ಹೊತ್ತು ಹಾಳು ಎಂದುಕೊಳ್ಳಬೇಕಾಗಿಲ್ಲ.

ಇಷ್ಟು ಒಪ್ಪಿದರೆ ನೀಲಗಿರಿಯ ಹುಡುಗ ತಮಿಳಿಗೆ ಹೊರಳುವುದು ಆಶ್ಚರ್ಯವಲ್ಲ. ಮಾತಿನಿಂದಲೇ ಬದುಕುವ ಸಿನಿಮಾ ಅವನಿಗೆ ಯಾವ ಮಾತಿನಲ್ಲಿ ಬಂತೋ ಆ ಮಾತಿನಲ್ಲೇ ಅವನ ಅಭಿಮಾನ ಬೆಳೆಯಿತು. 2019ರ ಏಪ್ರಿಲ್ 26ರಂದು 'ಎಂಡ್‌ಗೇಮ್' ಭಾರತದಲ್ಲಿ ತೆರೆಕಂಡದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ದೇಶದೊಳಗಿನ ಗಳಿಕೆ 300 ಕೋಟಿ ರೂಪಾಯಿ ದಾಟಿತು. ಕನ್ನಡದಲ್ಲಿ ಬರಲಿಲ್ಲ. ಮೈಸೂರು, ಚಾಮರಾಜನಗರದ ಹುಡುಗರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿದರು. ಗೂಡಲೂರು, ಮಸಿನಗುಡಿಯವರು ತಮಿಳಿನಲ್ಲಿ. ಊಟಿಯಲ್ಲಿ ಬ್ರಿಟಿಷರ ಕಾಲದ ಅಸೆಂಬ್ಲಿ ರೂಮ್ಸ್ ಚಿತ್ರಮಂದಿರ ಇಂಗ್ಲಿಷ್ ಚಿತ್ರಗಳಿಗೆ ಹೆಸರಾದದ್ದು. ಕಾನ್ವೆಂಟ್ ಮಕ್ಕಳಿಗೆ ಅದು ಸರಿ. ಜೀಪು ಓಡಿಸುವವನ ಮಗನಿಗೆ, ತೋಟದಲ್ಲಿ ಎಲೆ ಕೀಳುವವಳ ಮಗಳಿಗೆ ವೇಗವಾಗಿ ಹಾರುವ ಇಂಗ್ಲಿಷ್ ಚಟಾಕಿಗಳು ಹಿಡಿತಕ್ಕೆ ಸಿಗುವುದು ಕಷ್ಟ.

ಮೈಸೂರಿಗೆ ಹೋಗಿ ನೋಡಿ ಬರೋಣ ಎಂದರೆ ಆ ದಾರಿಗೂ ಒಂದು ಕಟ್ಟು ಇದೆ. ಬಂಡೀಪುರ ಕಾಡಿನೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಲಾಗಿದೆ. ಕಾಡಿನ ಪ್ರಾಣಿಗಳಿಗೆ ಅದು ಬೇಕಾದ ನಿಯಮ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ 'ಎಂಡ್‌ಗೇಮ್' 181 ನಿಮಿಷದ ಚಿತ್ರ. ಮೈಸೂರಿನಲ್ಲಿ ಸಂಜೆ ನಾಲ್ಕೂವರೆಯ ಆಟಕ್ಕೆ ಕೂತವನು ಮಧ್ಯಂತರವೂ ಸೇರಿ ಹೊರಬೀಳುವಾಗ ಎಂಟರ ಹತ್ತಿರ. ಅಲ್ಲಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಮೇಲುಕಾಮನಹಳ್ಳಿಯ ತಪಾಸಣಾ ಠಾಣೆ ತಲುಪುವಷ್ಟರಲ್ಲಿ ಗೇಟು ಬಿದ್ದಿರುತ್ತದೆ. ಉಳಿಯಲು ನೆಂಟರ ಮನೆಯಿದ್ದರೆ ಸರಿ. ಇಲ್ಲದಿದ್ದರೆ ಗೂಡಲೂರಿನವನಿಗೆ ಗೂಡಲೂರಿನ ಪರದೆಯೇ ಗತಿ.

ತಮಿಳು ಡಬ್ಬಿಂಗ್ ಕೂಡ ಸುಮ್ಮನೆ ಒಪ್ಪಿತವಾದದ್ದಲ್ಲ. 'ಎಂಡ್‌ಗೇಮ್'ನ ತಮಿಳು ಸಂಭಾಷಣೆಯನ್ನು ನಿರ್ದೇಶಕ ಎ. ಆರ್. ಮುರುಗದಾಸ್ ಬರೆದರು, ಐರನ್ ಮ್ಯಾನ್‌ಗೆ ವಿಜಯ್ ಸೇತುಪತಿ ದನಿ ಕೊಟ್ಟರು, ಬ್ಲ್ಯಾಕ್ ವಿಡೋಗೆ ಆಂಡ್ರಿಯಾ ಜೆರೆಮಿಯಾ. ತೆಲುಗಿನಲ್ಲಿ ಖಳ ಥಾನೋಸ್‌ಗೆ ರಾಣಾ ದಗ್ಗುಬಾಟಿ. ತಾರೆಯರ ದನಿ ಬಂದರೆ ಜನ ಖುಷಿಪಡುತ್ತಾರೆ ಎಂಬ ಲೆಕ್ಕ ಪೂರ್ತಿ ಕೂಡಿಬರಲಿಲ್ಲ. ಹಿಂದಿನ ಚಿತ್ರಗಳಲ್ಲಿ ಕೇಳಿ ರೂಢಿಯಾಗಿದ್ದ ದನಿಯೇ ತಮ್ಮ ಐರನ್ ಮ್ಯಾನ್, ಅದನ್ನೇಕೆ ಬದಲಾಯಿಸಿದಿರಿ ಎಂದು ತಮಿಳು ಅಭಿಮಾನಿಗಳು ಗದ್ದಲವೆಬ್ಬಿಸಿದರು. ಸೇತುಪತಿ ಎಷ್ಟೇ ಪ್ರೀತಿಪಾತ್ರ ನಟರಾದರೂ ಪ್ರಶ್ನೆ ಅದಲ್ಲ. ಹೆಸರೇ ಗೊತ್ತಿಲ್ಲದ ಡಬ್ಬಿಂಗ್ ಕಲಾವಿದರೊಬ್ಬರ ದನಿಗಾಗಿ ಜನ ಹಟ ಹಿಡಿದದ್ದು ಗಮನಿಸಬೇಕಾದ ಸಂಗತಿ. ಹನ್ನೊಂದು ವರ್ಷ ಒಂದು ದನಿಯ ಜೊತೆ ಬೆಳೆದವರು ಮಾತ್ರ ಹಾಗೆ ಜಗಳವಾಡಬಲ್ಲರು.

ಕನ್ನಡಕ್ಕೆ ಆ ಹನ್ನೊಂದು ವರ್ಷ ಸಿಗಲಿಲ್ಲ. ಅದರ ಕಥೆ ಹಳೆಯದು. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಎಳೆಯದಾಗಿತ್ತು, ಮದ್ರಾಸಿನ ಸ್ಟುಡಿಯೋಗಳನ್ನು ನಂಬಿಕೊಂಡಿತ್ತು. ತಮಿಳು ತೆಲುಗು ಚಿತ್ರಗಳು ಡಬ್ ಆಗಿ ಬಂದರೆ ಕನ್ನಡದ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸವೇ ಇರುವುದಿಲ್ಲ ಎಂಬ ಭಯ ನಿಜವಾದದ್ದು. ಅ.ನ.ಕೃ. ಅವರಂಥ ಲೇಖಕರು, ರಾಜ್‌ಕುಮಾರ್ ಅವರಂಥ ನಟರು ಅದರ ವಿರುದ್ಧ ನಿಂತರು. ಅಂದಿನ ಹೋರಾಟವನ್ನು ಇಂದಿನ ಕಣ್ಣಿನಿಂದ ತೂಗುವುದು ಸರಿಯಲ್ಲ. ಆ ತಡೆಯ ನೆರಳಿನಲ್ಲೇ ಕನ್ನಡದ ಉದ್ಯಮ ಕಾಲೂರಿತು. ಆದರೆ ಕಾನೂನಿನಲ್ಲೆಲ್ಲೂ ಇಲ್ಲದ ಆ ಕಟ್ಟುಪಾಡು ಅರ್ಧ ಶತಮಾನ ದಾಟಿಯೂ ಉಳಿಯಿತು. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ಕನ್ನಡಕ್ಕೆ ಡಬ್ ಆಗಿಯೂ ಕನ್ನಡ ವಾಹಿನಿಯಲ್ಲಿ ಬರಲಾಗಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈಯಲ್ಲಿ ಈ ತಡೆ ಸಲ್ಲದೆಂದು ಆದೇಶಿಸಿ ಚಲನಚಿತ್ರ ವಾಣಿಜ್ಯ ಮಂಡಳಿಗೂ ದಂಡ ಹಾಕಿತು. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರ 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಲ್ಲಿ ಕನ್ನಡ ಮಾತಾಡಿತು.

ಇಲ್ಲೊಂದು ವಿಚಿತ್ರವಿದೆ. ಕಾಗದದ ಮೇಲೆ ಪರದೇಶದ ವೀರರು ಕನ್ನಡ ಮಾತಾಡುವುದಕ್ಕೆ ಯಾರೂ ಅಡ್ಡಿ ಮಾಡಿರಲಿಲ್ಲ. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಕನ್ನಡ ಓದುಗರ ಮನೆಮಾತಾಗಿದ್ದ. ಅವನು ಡೆಂಕಾಲಿಯ ಕಾಡಿನಲ್ಲಿ ಕನ್ನಡದಲ್ಲೇ ಗದರುವುದನ್ನು ಓದಿ ಬೆಳೆದ ತಲೆಮಾರಿಗೆ ಅದು ಕನ್ನಡದ ಹಾನಿ ಎನಿಸಲೇ ಇಲ್ಲ. ತಮಿಳಿನಲ್ಲಿ 1972ರಿಂದ ಶಿವಕಾಶಿಯ ಮುತ್ತು ಕಾಮಿಕ್ಸ್ 'ಇರುಂಬುಕ್ಕೈ ಮಾಯಾವಿ' ಎಂದು ಬ್ರಿಟಿಷ್ ವೀರನೊಬ್ಬನಿಗೆ ತಮಿಳು ಹೆಸರಿಟ್ಟು ಓದುಗರ ದೊಡ್ಡ ಬಳಗವನ್ನೇ ಕಟ್ಟಿತು. ಅಲ್ಲಿ ಅಚ್ಚಿನಿಂದ ಪರದೆಗೆ ದಾರಿ ನೇರವಾಗಿತ್ತು. ಇಲ್ಲಿ ನಡುವೆ ತುಂಡಾಯಿತು.

ಬಾಗಿಲು ತೆರೆದ ಮೇಲಿನ ಕಥೆ ಒಂದೇ ಸಮನಾಗಿಲ್ಲ. 2022ರ ಮಾರ್ಚ್‌ನಲ್ಲಿ ಬಂದ ರಾಜಮೌಳಿಯವರ 'ಆರ್‌ಆರ್‌ಆರ್' ಕೂಡ ಇಬ್ಬರು ವೀರರು ಕೂಡುವ ಚಿತ್ರವೇ. ಅದಕ್ಕೆ ಜೂನಿಯರ್ ಎನ್‌ಟಿಆರ್ ತಾವೇ ಕನ್ನಡದಲ್ಲಿ ದನಿ ಕೊಟ್ಟರು. ಅವರ ತಾಯಿ ಕುಂದಾಪುರ ಕಡೆಯವರು. ಆದರೆ ಕರ್ನಾಟಕದಲ್ಲೇ ಕನ್ನಡ ಅವತರಣಿಕೆಗೆ ಆಟಗಳು ಕಡಿಮೆ ಎಂದು ಅಭಿಮಾನಿಗಳು ಗಟ್ಟಿಯಾಗಿ ಆಕ್ಷೇಪಿಸಬೇಕಾಯಿತು. ಅದೇ ವರ್ಷ ಮಾರ್ವೆಲ್‌ನ 'ಡಾಕ್ಟರ್ ಸ್ಟ್ರೇಂಜ್ ಇನ್ ದ ಮಲ್ಟಿವರ್ಸ್ ಆಫ್ ಮ್ಯಾಡ್‌ನೆಸ್' ಕನ್ನಡದಲ್ಲೂ ಬಂತು. 2023ರ ಜೂನ್‌ನಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು, ಕನ್ನಡವೂ ಅದರಲ್ಲಿತ್ತು. ಲೆಕ್ಕವಿಲ್ಲದಷ್ಟು ಜೇಡರ ವೀರರು ಒಂದೆಡೆ ಸೇರುವ ಚಿತ್ರ ಅದು. ಪವಿತ್ರ ಪ್ರಭಾಕರ್ ಎಂಬ ಭಾರತೀಯ ಹುಡುಗನೂ ಅವರಲ್ಲೊಬ್ಬ. ಇನ್ನು ಮುಂದೆ ಹೀಗೆಯೇ ಎಂದುಕೊಳ್ಳುವಷ್ಟರಲ್ಲಿ 2024ರ ಜುಲೈಯಲ್ಲಿ 'ಡೆಡ್‌ಪೂಲ್ ಆ್ಯಂಡ್ ವೊಲ್ವರೀನ್' ಹಳೆಯ ನಾಲ್ಕು ಭಾಷೆಗಳಿಗೇ ಮರಳಿತು. ಬಾಯಿ ಮುಚ್ಚದೆ ಮಾತಾಡುವ ವೀರನ ಚಿತ್ರಕ್ಕೇ ಕನ್ನಡ ತಪ್ಪಿತು.

ಕಂಪನಿಗಳ ಲೆಕ್ಕ ಊಹಿಸುವುದು ಕಷ್ಟವಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ಇಂಗ್ಲಿಷ್ ಆಟಗಳೇ ತುಂಬಿಹೋಗುವಾಗ ಇನ್ನೊಂದು ದನಿಪಥಕ್ಕೆ ಏಕೆ ಖರ್ಚು ಮಾಡಬೇಕು? ಆ ಲೆಕ್ಕದಲ್ಲಿ ಬೆಂಗಳೂರು ಮಾತ್ರ ಇದೆ, ಗುಂಡ್ಲುಪೇಟೆ ಇಲ್ಲ, ಗೂಡಲೂರಂತೂ ಇಲ್ಲವೇ ಇಲ್ಲ. ಗಡಿಯ ಕನ್ನಡಿಗರನ್ನು ಲೆಕ್ಕ ಹಾಕುವುದು ಸರ್ಕಾರಕ್ಕೂ ಸುಲಭವಾಗಿಲ್ಲ. 2011ರ ಜನಗಣತಿ ಬಡಗ ನುಡಿಯಾಡುವ ಸುಮಾರು 1.33 ಲಕ್ಷ ಜನರನ್ನು ಕನ್ನಡದ ಲೆಕ್ಕಕ್ಕೆ ಸೇರಿಸಿತು. ಬಡಗರಲ್ಲಿ ಅನೇಕರು ತಮ್ಮದು ಬೇರೆಯೇ ನುಡಿ ಎನ್ನುತ್ತಾರೆ, ಹಾಗೆನ್ನುವ ಹಕ್ಕು ಅವರದು. ಕಾಗದದ ಮೇಲೆ ಎಲ್ಲಿ ಬರೆದರೂ ಅವರ ಮಕ್ಕಳು ನೋಡುವುದು ತಮಿಳು ಅವತರಣಿಕೆಯನ್ನೇ. ಕನ್ನಡದ ದನಿಪಥ ಒಂದಿದ್ದರೆ ಚಿತ್ರಮಂದಿರದಲ್ಲಿ ಸಿಗದಿದ್ದರೂ ಮೊಬೈಲಿನಲ್ಲಿ, ಟಿವಿಯಲ್ಲಿ ಆ ಮಕ್ಕಳಿಗೆ ಸಿಗುತ್ತದೆ. ಈಗಂತೂ ಒಟಿಟಿಯಲ್ಲಿ ಭಾಷೆ ಬದಲಾಯಿಸಲು ಒಂದು ಗುಂಡಿ ಒತ್ತಿದರೆ ಸಾಕು. ಆ ಪಟ್ಟಿಯಲ್ಲಿ ಕನ್ನಡ ಇರಬೇಕು, ಅಷ್ಟೇ.

ಮನೆಯ ಮಾತಿನಲ್ಲಿ ವಾದಿಸಲು ವಿಷಯ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಹೊಸದೊಂದು ಸಾಕ್ಷಿ ಪಕ್ಕದ ಮಲಯಾಳದಿಂದ ಬಂದಿದೆ. 2025ರ ಆಗಸ್ಟ್‌ನಲ್ಲಿ ತೆರೆಕಂಡ ಡೊಮಿನಿಕ್ ಅರುಣ್ ನಿರ್ದೇಶನದ 'ಲೋಕಃ: ಚಾಪ್ಟರ್ 1, ಚಂದ್ರ' ಕೇರಳದ ಜನಪದದ ಯಕ್ಷಿಯನ್ನು ಸೂಪರ್‌ಹೀರೋ ಮಾಡಿ ಬೆಂಗಳೂರಿಗೆ ಕರೆತಂದಿತು. ಕಲ್ಯಾಣಿ ಪ್ರಿಯದರ್ಶನ್ ನಾಯಕಿ. ನಡುವೆ ಟೊವಿನೊ ಥಾಮಸ್ ಅದೇ ಜನಪದದ ಚಾತ್ತನ್ ಆಗಿ, ದುಲ್ಕರ್ ಸಲ್ಮಾನ್ ಒಡಿಯನ್ ಆಗಿ ಇಣುಕುತ್ತಾರೆ, ಮುಂದೆ ಇವರೆಲ್ಲ ಕೂಡುತ್ತಾರೆಂಬ ಸೂಚನೆ ಕೊಟ್ಟು ಹೋಗುತ್ತಾರೆ. ಗೂಡಲೂರಿನ ಮಟ್ಟಿಗೆ ಇದು ಬೇರೆಯದೇ ಚರ್ಚೆ ಎಬ್ಬಿಸಿದೆ. ಥಾನೋಸ್ ಬಗ್ಗೆ ಅಜ್ಜಿಗೆ ಹೇಳಲು ಏನೂ ಇರಲಿಲ್ಲ. ಕುಟ್ಟಿಚಾತ್ತನ ವಿಷಯಕ್ಕೆ ಬಂದರೆ ವಯನಾಡಿನ ಅಂಚಿನಲ್ಲಿ ಬಾಳಿದ ಯಾವ ಅಜ್ಜಿಯಾದರೂ ಸುಮ್ಮನಿರುತ್ತಾಳೆಯೇ? ಹುಡುಗರು ಹೇಳುವ ಚಾತ್ತನ್ ಸರಿಯಿಲ್ಲ, ಅವನು ಹಾಗೆಲ್ಲ ಹೇಳಿದ ಮಾತು ಕೇಳುವವನಲ್ಲ, ಎಡೆ ತಪ್ಪಿದರೆ ಮನೆ ಮೇಲೆ ಕಲ್ಲು ಬೀಳಿಸುತ್ತಾನೆ ಎಂದು ಅವಳು ತಿದ್ದುತ್ತಾಳೆ. ಆ ತಿದ್ದುಪಡಿ ಬರುವುದು ಮನೆಯ ಮಾತಿನಲ್ಲಿ. ಮೊಮ್ಮಗ ಉತ್ತರ ಕೊಡಬೇಕಾದದ್ದೂ ಅದರಲ್ಲೇ. ಮೂರು ಭಾಷೆ ಗೊತ್ತಿರುವ ಹುಡುಗನಿಗೆ ಕನ್ನಡದಲ್ಲಿ ವಾದ ಮಾಡುವುದು ಬರುವುದಿಲ್ಲ ಎಂದಲ್ಲ, ವಾದ ಮಾಡುವಂಥ ವಿಷಯ ಆ ಭಾಷೆಯಲ್ಲಿ ಅವನಿಗೆ ಸಿಕ್ಕಿರಲಿಲ್ಲ.

ಮುಂದಿನ ದೊಡ್ಡ ಕೂಟಕ್ಕೆ ದಿನ ಗೊತ್ತಾಗಿದೆ. 'ಅವೆಂಜರ್ಸ್: ಡೂಮ್ಸ್‌ಡೇ' 2026ರ ಡಿಸೆಂಬರ್ 18ಕ್ಕೆ ನಿಗದಿಯಾಗಿದೆ. ಅದರ ಕಲಾವಿದರ ಹೆಸರುಗಳನ್ನು ಮಾರ್ವೆಲ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ರೀತಿಯೇ ಅಭಿಮಾನಿಗಳ ಹಸಿವು ಎಂಥದ್ದೆಂದು ತೋರಿಸುತ್ತದೆ: ಐದು ಗಂಟೆಗೂ ಮಿಕ್ಕಿ ನೇರಪ್ರಸಾರದಲ್ಲಿ ಕ್ಯಾಮೆರಾ ಸಾಲು ಕುರ್ಚಿಗಳ ಬೆನ್ನ ಮೇಲಿನ ಹೆಸರುಗಳನ್ನು ಒಂದೊಂದಾಗಿ ತೋರಿಸುತ್ತ ಹೋಯಿತು, ಜನ ಕೂತು ನೋಡಿದರು. ಒಟ್ಟು 27 ಹೆಸರು. ಅದರಲ್ಲಿ ಕೊನೆಯದು ರಾಬರ್ಟ್ ಡೌನಿ ಜೂನಿಯರ್ ಅವರದು, ಈ ಸಲ ಐರನ್ ಮ್ಯಾನ್ ಆಗಿಯಲ್ಲ, ಖಳ ಡಾಕ್ಟರ್ ಡೂಮ್ ಆಗಿ. ಗೂಡಲೂರಿನ ಹುಡುಗರಲ್ಲಿ ಎದ್ದಿರುವ ವಾದ ಇಂಗ್ಲಿಷಿನಲ್ಲಿ ನೋಡುವವರಿಗೆ ಹೊಳೆಯುವಂಥದ್ದಲ್ಲ. ನಟ ಅದೇ, ಪಾತ್ರ ಬೇರೆ. ಹಾಗಾದರೆ ತಮಿಳಿನಲ್ಲಿ ಡೂಮ್‌ಗೆ ಐರನ್ ಮ್ಯಾನ್‌ನ ದನಿಯೇ ಇರಬೇಕೋ ಬೇರೆಯದೋ? ಇರುವುದಾದರೆ ಯಾವ ಐರನ್ ಮ್ಯಾನ್‌ನದು, ಹಳೆಯ ಚಿತ್ರಗಳದೋ 'ಎಂಡ್‌ಗೇಮ್'ನದೋ? ಕನ್ನಡದಲ್ಲಿ ಈ ತೊಡಕು ಹುಟ್ಟುವುದೇ ಇಲ್ಲ, ಕನ್ನಡ ಮಾತಾಡುವ ಐರನ್ ಮ್ಯಾನ್‌ನನ್ನು ಆ ಚಿತ್ರಗಳು ಪರದೆಗೆ ಬಂದ ಕಾಲದಲ್ಲಿ ಯಾರೂ ಅಲ್ಲಿ ಕೇಳಲಿಲ್ಲ. ಡೂಮ್ ಕನ್ನಡದಲ್ಲೂ ಬಂದರೆ ಬೆಂಗಳೂರಿನ ಯಾವ ಡಬ್ಬಿಂಗ್ ಕಲಾವಿದರು ಅವನಿಗೆ ಮೊದಲ ದನಿ ಕೊಡುತ್ತಾರೋ, ಮುಂದಿನ ಜಗಳಗಳೆಲ್ಲ ಅವರ ಹೆಸರಿನಲ್ಲೇ ನಡೆಯುತ್ತವೆ.